ಗಾಡಿ ಯಾರ ಹೆಸರಲ್ಲಿದೆ

ಮಾರ್ಚ್ 4, ಸೋಮವಾರ

ಅಕ್ಕ ಬಂದಿದ್ದಾಳೆ. ಒಂದು ಸೂಟ್‌ಕೇಸು, ರೋಗಿಗಳನ್ನು ಮಲಗಿಸಿ ವ್ಯಾಯಾಮ ಮಾಡಿಸುವ ಮಡಚುವ ಮೇಜು, ಚೀಲದ ತುಂಬ ಟವೆಲು, ಮತ್ತು ಗಾಡಿ. ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವಾಗ ಅವಳ ಬೂದು ಬಣ್ಣದ ಕಾರು ಎದುರಿಗೇ ನಿಂತಿತ್ತು. ಅವಳು ಸ್ಟೀರಿಂಗ್ ಹಿಡಿದುಕೊಂಡು ಒಳಗೇ ಕೂತಿದ್ದಳು.

"ಏನಕ್ಕ, ಇಷ್ಟು ಬೆಳಿಗ್ಗೆ?"

"ಮೇಲಿನ ರೂಮು ಖಾಲಿ ಇದೆಯಾ?"

ಅಂಗಡಿಯ ಮೇಲೆ ನಮ್ಮ ಮನೆ, ಅದರ ಮೇಲೆ ಆ ಒಂಟಿ ರೂಮು. ಖಾಲಿ ಎಲ್ಲಿಂದ ಬರಬೇಕು? ಕೆಟ್ಟು ಕೂತ ಕೀ ಕಟಿಂಗ್ ಯಂತ್ರ, ಹಳೆಯ ಬೀಗಗಳು, ಎಲ್ಲ ಅಲ್ಲೇ. ಮಧ್ಯಾಹ್ನದೊಳಗೆ ಎತ್ತಿ ಹಾಕಿ ಗುಡಿಸಿಕೊಟ್ಟೆ.

ಭಾವನನ್ನು ಬಿಟ್ಟು ಬಂದಿದ್ದಾಳಂತೆ. ಯಾಕೆ ಎಂದು ಕೇಳಿದರೆ "ಸುಸ್ತಾಗಿದೆ ಕಣೋ" ಅನ್ನುತ್ತಾಳೆ, ಅದರ ಮುಂದೆ ಮಾತಿಲ್ಲ. ಭಾವನಂಥವರ ಜೊತೆ ಇದ್ದು ಏನು ಸುಸ್ತೋ ನನಗಂತೂ ತಿಳಿಯಲಿಲ್ಲ. ಹೊಡೆಯುವವರಲ್ಲ, ಕುಡಿಯುವವರಲ್ಲ. ಅವರು ಕೂತಲ್ಲಿ ನಗು ತಾನಾಗಿ ಬರುತ್ತದೆ. ಅಪ್ಪ ತೀರಿಕೊಂಡ ವರ್ಷ ನಾನು ದಿಕ್ಕು ತೋಚದೆ ಅಲೆಯುತ್ತಿದ್ದಾಗ ಕೈಹಿಡಿದು ಕರೆದೊಯ್ದು ಈ ಕೀ ಕೆಲಸಕ್ಕೆ ಹಚ್ಚಿದವರು ಅವರು. ಗಾಡಿ ಓಡಿಸಲು ಕಲಿಸಿದವರೂ ಅವರೇ.

ಅಮ್ಮ ಅಡುಗೆಮನೆಯಿಂದ ಕಣ್ಣೊರೆಸಿಕೊಂಡು ಬಂದು, "ಅವಳು ಯಾವಾಗ ವಾಪಸ್ ಹೋಗ್ತಾಳೋ?" ಎಂದು ನನ್ನನ್ನೇ ಕೇಳಿದಳು. "ಹತ್ತು ಹದಿನೈದು ದಿನ ಅಷ್ಟೇ ಅಮ್ಮ. ಭಾವನ ಹತ್ರ ನಾನು ಮಾತಾಡ್ತೀನಿ" ಅಂದೆ. ಆಡಿದ್ದನ್ನು ಮಾಡಿಯೇ ತೀರುತ್ತೇನೆ. ತುಕ್ಕು ಹಿಡಿದ ಬೀಗವನ್ನು ನಾನು ಎಂದೂ ಒಡೆದು ತೆಗೆದವನಲ್ಲ. ಒಂದು ಹನಿ ಎಣ್ಣೆ ಬಿಟ್ಟು ಮೆಲ್ಲಗೆ ಆಡಿಸುತ್ತೇನೆ, ಬಿಡುತ್ತದೆ.

ಅಮ್ಮನ ಮುಂದೆ ಬಾಯಿ ಬಿಟ್ಟರೆ ಅಳು, ಗಿರಾಕಿಗಳ ಮುಂದೆ ಬಿಟ್ಟರೆ ಸುದ್ದಿ. ಹಾಗಾಗಿ ಇದೆಲ್ಲ ಸರಿಹೋಗುವ ತನಕ ಇಲ್ಲಿ ಬರೆದುಕೊಳ್ಳುತ್ತೇನೆ.

ಮಾರ್ಚ್ 6, ಬುಧವಾರ

ಬೆಳಿಗ್ಗೆ ನೋಡಿದರೆ ಗಾಡಿ ಇಲ್ಲ. ಕೀ ಅಂಗಡಿಯ ಮುಂದೆಯೇ ಗಾಡಿ ಕಳುವಾದರೆ ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ? ಅಕ್ಕ ಮಾತ್ರ ಗಾಬರಿಯಾಗಲಿಲ್ಲ. ಒಂದು ಕೈಯಲ್ಲಿ ಮೇಜು, ಇನ್ನೊಂದರಲ್ಲಿ ಕೀ ಹಿಡಿದು ಖಾಲಿ ಜಾಗವನ್ನು ನೋಡಿದಳು. "ಅವರೇ ತೊಗೊಂಡು ಹೋಗಿರ್ತಾರೆ" ಎಂದು ಬಸ್ ಸ್ಟಾಪಿನ ಕಡೆ ನಡೆದಳು.

ಫೋನ್ ಮಾಡಿದೆ.

"ಭಾವ, ಗಾಡಿ ನಿಮ್ಮ ಹತ್ರ ಇದೆಯಾ?"

"ಇನ್ನೆಲ್ಲಿ ಹೋಗುತ್ತೋ ಮರಿ! ನನ್ನ ಜೇಬಲ್ಲೂ ಒಂದು ಕೀ ಇದೆಯಲ್ಲ. ಹೆಂಡತಿ ಗಾಡಿ ಗಂಡ ತಂದರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀಯಾ?" ಎಂದು ನಕ್ಕರು. ನಾನೂ ನಕ್ಕೆ.

ಸಂಜೆ ತಂದು ಅದೇ ಜಾಗದಲ್ಲಿ ನೀಟಾಗಿ ನಿಲ್ಲಿಸಿ, ಎರಡು ಸಲ ಹಾರ್ನ್ ಹೊಡೆದು, ಹಿಂದೆ ಬಂದಿದ್ದ ಷೋರೂಮಿನ ಗಾಡಿ ಹತ್ತಿ ಹೊರಟುಹೋದರು. ಭಾವ ಟೈಲ್ಸ್ ಷೋರೂಮಿನ ಮ್ಯಾನೇಜರ್. ಅವರಿಗೆ ಆಫೀಸಿನದೇ ಗಾಡಿ ಇದೆ. ಅಕ್ಕನ ಗಾಡಿ ಬೇಕಾಗಿಯೇ ಇರಲಿಲ್ಲ. ಅಂದರೆ ಇದು ಬರೀ ನೆಪ. ಹೆಂಡತಿ ಇಲ್ಲದ ಮನೆ ಬಿಕೋ ಅನ್ನುತ್ತಿರಬೇಕು, ಪಾಪ.

ಅಕ್ಕ ಬಂದು ಗಾಡಿಯೊಳಗೆ ಕೂತು ನೋಡಿದಳು. ಪೆಟ್ರೋಲಿನ ಮುಳ್ಳು ತಳ ಮುಟ್ಟಿತ್ತು. ಸೀಟನ್ನು ಹಿಂದಕ್ಕೆ ತಳ್ಳಿಬಿಟ್ಟಿದ್ದರು. ಅವಳು ಅದನ್ನು ಮುಂದಕ್ಕೆಳೆದು, ಕನ್ನಡಿ ಸರಿಮಾಡಿಕೊಂಡು, ಪೆಟ್ರೋಲ್ ಹಾಕಿಸಿಕೊಂಡು ಬಂದಳು.

ಮಾರ್ಚ್ 7, ಗುರುವಾರ

ಇವತ್ತು ಒಬ್ಬ ಮೇಷ್ಟ್ರು ಬಂದಿದ್ದರು. ಪ್ಯಾಂಟಿನ ಜೇಬಲ್ಲೇ ಕೀ ಬಿಟ್ಟು ವಾಷಿಂಗ್ ಮಷೀನಿಗೆ ಹಾಕಿದ್ದಾರೆ. "ಸ್ವಚ್ಛ ಆಗಿದೆ, ಸ್ಟಾರ್ಟ್ ಆಗಲ್ಲ" ಅಂದರು. ಗಂಭೀರ ಮನುಷ್ಯ, ಇದು ಜೋಕು ಎಂದು ಅವರಿಗೇ ಗೊತ್ತಿರಲಿಲ್ಲ. ಕೀ ಬಿಚ್ಚಿ ನೋಡಿದರೆ ಗಾಡಿ ಗುರುತು ಹಿಡಿಯುವ ಎಲೆಕ್ಟ್ರಾನಿಕ್ ಚಿಪ್ ಇಲ್ಲ. ಬಟ್ಟೆಯ ಜೊತೆ ಬಡಿದಾಡಿ ಉದುರಿಹೋಗಿದೆ. "ಮಷೀನಿನ ತಳದಲ್ಲಿ ಅಕ್ಕಿಕಾಳಿನಷ್ಟು ದಪ್ಪದ್ದು ಏನಾದರೂ ಸಿಗುತ್ತಾ ನೋಡಿ ಸರ್" ಎಂದು ಕಳಿಸಿದೆ. ಮಧ್ಯಾಹ್ನ ಕರವಸ್ತ್ರದಲ್ಲಿ ಸುತ್ತಿ ತಂದರು. ಹೊಸ ಹಿಡಿಯಲ್ಲಿ ಅದನ್ನು ಕೂರಿಸಿಕೊಟ್ಟೆ. ಮೊದಲ ತಿರುವಿಗೇ ಗಾಡಿ ಎದ್ದಿತು. ನನ್ನ ಕೈಗೆ ಬಂದ ಗಾಡಿ ಏಳದೆ ಹೋಗಿದ್ದಿಲ್ಲ.

ಸಂಜೆ ಅಕ್ಕ ಕೌಂಟರಿನ ಮುಂದೆ ಸ್ಟೂಲ್ ಎಳೆದುಕೊಂಡು ಕೂತಳು.

"ಅವರ ಕೀ ಕೆಲಸ ಮಾಡದ ಹಾಗೆ ಮಾಡೋಕ್ಕಾಗುತ್ತಾ?"

ನನ್ನ ಕೆಲಸದ ವಿಷಯ ಬಂದರೆ ನನಗೆ ಮೈಮೇಲೆ ಬಂದ ಹಾಗೆ. ವಿವರಿಸತೊಡಗಿದೆ. ಕೀಯ ತಲೆಯೊಳಗೆ ಟ್ರಾನ್ಸ್‌ಪಾಂಡರ್ ಅನ್ನುವ ಚಿಪ್ ಇರುತ್ತದೆ. ಕೀ ತಿರುಗಿಸುವ ಜಾಗದ ಸುತ್ತ ಒಂದು ತಂತಿಯ ಬಳೆ ಇದೆ. ಅದು "ನೀನು ಯಾರು" ಎಂದು ಕೇಳುತ್ತದೆ, ಚಿಪ್ ತನ್ನ ನಂಬರ್ ಹೇಳುತ್ತದೆ. ಗಾಡಿಯ ನೆನಪಿನಲ್ಲಿ ಆ ನಂಬರ್ ಇದ್ದರೆ ಸರಿ; ಇಲ್ಲದಿದ್ದರೆ ಕೀ ತಿರುಗಿದರೂ ಇಮ್ಮೊಬಿಲೈಸರ್ ಇಂಜಿನ್ನನ್ನು ಏಳಗೊಡುವುದಿಲ್ಲ. ಅಕ್ಕನ ಗಾಡಿಯ ನೆನಪಿನಲ್ಲಿ ಎರಡು ಕೀ ಇವೆ. ಎರಡನ್ನೂ ಅಳಿಸಿ, ಕೈಯಲ್ಲಿರುವುದನ್ನು ಮಾತ್ರ ಮತ್ತೆ ಸೇರಿಸಿದರೆ ಇನ್ನೊಂದು ಬರೀ ಲೋಹದ ತುಂಡು. ಬಾಗಿಲು ತೆಗೆಯಬಹುದು, ಅಷ್ಟೇ.

ಅವಳು ಗಮನವಿಟ್ಟು ಕೇಳಿದಳು. "ಹಾಗಾದರೆ ಮಾಡು" ಅಂದಳು.

ಆಗ ಎಚ್ಚರವಾಯಿತು. ಭಾವ ಬಂದು ಕೂತು ಕೀ ತಿರುಗಿಸಿ ಗಾಡಿ ಏಳದಿದ್ದರೆ ಇವರ ಸಂಸಾರ ಅಲ್ಲಿಗೆ ಮುಗಿದ ಹಾಗೆ.

"ಮಾಡಬಹುದು ಅಕ್ಕ. ಆದರೆ ನಿನ್ನ ಗಾಡಿ ಬ್ಯಾಟರಿ ವೀಕ್ ಇದೆ. ಅರ್ಧದಲ್ಲಿ ಕೈಕೊಟ್ಟರೆ ಯಾವ ಕೀಗೂ ಏಳಲ್ಲ. ಸ್ವಲ್ಪ ದಿನ ಬಿಟ್ಟು ನೋಡೋಣ."

"ಸರಿ" ಎಂದು ಮೇಲೆ ಹೋದಳು. ಸುಳ್ಳೇನಲ್ಲ, ಬ್ಯಾಟರಿ ಕೈಕೊಟ್ಟರೆ ನಿಜವಾಗಿಯೂ ಪಜೀತಿಯೇ. ಅದಕ್ಕೆಂದೇ ನನ್ನ ಹತ್ತಿರ ಚಾರ್ಜರ್ ಇದೆ, ಅದು ಬೇರೆ ಮಾತು. ಕಾಲ ತಳ್ಳಬೇಕು. ಕೋಪಕ್ಕೆ ಕಾಲವೇ ಮದ್ದು.

ಮಾರ್ಚ್ 11, ಸೋಮವಾರ

ಗಾಡಿ ಮತ್ತೆ ಇಲ್ಲ. ಕ್ಲಿನಿಕ್ಕೊಂದರ ಪರವಾಗಿ ರೋಗಿಗಳ ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು ಅಕ್ಕನ ಕೆಲಸ. ಎರಡು ಬಸ್ ಬದಲಾಯಿಸಿ ಹೋದಳು. ಮೊದಲ ರೋಗಿ ಒಬ್ಬ ದರ್ಜಿ. ಲಕ್ವ ಹೊಡೆದು ಬಲಗೈ ಬಿದ್ದಿದೆ, ಕತ್ತರಿ ಹಿಡಿಯುವುದನ್ನು ಅಕ್ಕ ಮತ್ತೆ ಕಲಿಸುತ್ತಿದ್ದಾಳೆ. ಕಾದು ಕಾದು ಅವನು ಮಲಗಿಬಿಟ್ಟಿದ್ದನಂತೆ. ಕ್ಲಿನಿಕ್ಕಿನ ಡಾಕ್ಟರಮ್ಮ ಫೋನಿನಲ್ಲಿ "ಹೀಗೇ ತಡವಾದರೆ ಆ ಕಡೆಯ ಮನೆಗಳನ್ನ ಬೇರೆಯವರಿಗೆ ಕೊಡಬೇಕಾಗುತ್ತೆ" ಅಂದರಂತೆ. ಅಮ್ಮ ಹೇಳಿದಳು. ಅಕ್ಕ ನಾಳೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು.

ಮಾರ್ಚ್ 13, ಬುಧವಾರ

ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಾನು ಕೀ ಕತ್ತರಿಸುತ್ತಿದ್ದೆ. ಆ ಕಿರ್ರೆನ್ನುವ ಸದ್ದಿಗೆ ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ಅಕ್ಕ ಬಂದು ಪಕ್ಕದಲ್ಲೇ ನಿಂತಳು. ಯಂತ್ರ ನಿಂತ ಮೇಲೆ ತಾನಾಗಿ ಮಾತು ತೆಗೆದಳು.

"ಎರಡು ಕೀನೂ ಅವರ ಜೇಬಲ್ಲೇ ಇರ್ತಿತ್ತು. ದಿನಾ ಬೆಳಿಗ್ಗೆ ಕೇಳಬೇಕು. ಕೊಡ್ತಿದ್ದರು, ಇಲ್ಲ ಅಂತ ಅಂದಿದ್ದೇ ಇಲ್ಲ. ಆದರೆ ಕೇಳಬೇಕು. ಸಂಜೆ ಬಂದ ತಕ್ಷಣ ಮೀಟರ್ ನೋಡೋರು. ಎರಡು ಕಿಲೋಮೀಟರ್ ಜಾಸ್ತಿ ಆಗಿದ್ರೆ, ಎಲ್ಲಿಗೆ ಹೋಗಿದ್ದೆ ಅಂತ ನಗ್ತಾ ಕೇಳೋರು. ಒಂದು ಸಲ ನಿನ್ನ ಅಂಗಡಿಗೇ ಬಂದಿದ್ದೆ ಕಣೋ, ಹಾಗೇ ಸುಮ್ಮನೆ. ನೀನು ಇರಲಿಲ್ಲ. ಅದನ್ನ ಅವರಿಗೆ ಹೇಳೋಕ್ಕೆ ನನಗೆ ಎಷ್ಟು ಹೊತ್ತು ಹಿಡೀತು ಗೊತ್ತಾ?"

"ಭಾವನಿಗೆ ಲೆಕ್ಕ ಅಂದ್ರೆ ಇಷ್ಟ ಅಲ್ವಾ ಅಕ್ಕ, ಪೆಟ್ರೋಲಿಗೆ ಅಂತ..." ಅಂದೆ.

"ಪೆಟ್ರೋಲ್ ಹಾಕಿಸೋಳು ನಾನು."

ಹೊರಟು ಬಂದ ದಿನ ಅವರು ಸ್ನಾನಕ್ಕೆ ಹೋದಾಗ ಪ್ಯಾಂಟಿನ ಜೇಬಿನಿಂದ ಒಂದು ಕೀ ತೆಗೆದುಕೊಂಡಳಂತೆ. ತನ್ನದೇ ಗಾಡಿಯ ಕೀ. ಗಾಡಿ ಅವಳ ಹೆಸರಲ್ಲಿದೆ, ಅವಳ ಸಂಬಳದಿಂದ ಕೊಂಡಿದ್ದು. ಇನ್ನೊಂದನ್ನು ಯಾಕೆ ಬಿಟ್ಟೆ ಎಂದು ಕೇಳಿದೆ. "ಕೈ ನಡುಗ್ತಿತ್ತು" ಅಂದಳು.

ಎರಡೂ ಕಡೆಯ ಮಾತು ಕೇಳಬೇಕು. ಶನಿವಾರ ಭಾವನ ಮನೆಗೆ ಹೋಗುತ್ತೇನೆ. ಎದುರು ಬದುರು ಕೂತರೆ ಅರ್ಧ ಗಂಟೆಯ ಮಾತು.

ಮಾರ್ಚ್ 16, ಶನಿವಾರ

ಹೋಗಿ ಬಂದೆ. ಭಾವ ಬಾಗಿಲಲ್ಲೇ ತಬ್ಬಿಕೊಂಡರು. ತಾವೇ ಕಾಫಿ ಮಾಡಿ ಕೊಟ್ಟರು. ಅಕ್ಕ ಮಾಡುವುದಕ್ಕಿಂತ ಚೆನ್ನಾಗಿತ್ತು. ಮನೆ ಒಪ್ಪವಾಗಿಯೇ ಇತ್ತು. ಬಿಕೋ ಅನ್ನುತ್ತಿರಲಿಲ್ಲ.

"ಆ ಇನ್ನೊಂದು ಕೀ ಅವಳಿಗೆ ಕೊಟ್ಟುಬಿಡಿ ಭಾವ. ಕೆಲಸಕ್ಕೆ ತೊಂದರೆ ಆಗ್ತಿದೆ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವರು ಜೇಬಿನಿಂದ ಕೀ ತೆಗೆದು ಬೆರಳಿಗೆ ಸಿಕ್ಕಿಸಿ ಗರಗರ ತಿರುಗಿಸಿದರು.

"ಕೊಡ್ತೀನಪ್ಪಾ. ನನಗೆ ಇದ್ಯಾಕೆ? ಅವಳೇ ಬಂದು ಕೇಳಲಿ, ಕೊಡ್ತೀನಿ."

"ಅವಳು ಬರಲ್ಲ ಅಂತಿದ್ದಾಳೆ."

"ಬರ್ತಾಳೆ ಕಣೋ. ಆ ಮೇಜು ಹೊತ್ಕೊಂಡು ನಾಲ್ಕು ದಿನ ಬಸ್ಸಲ್ಲಿ ನೇತಾಡಿದರೆ ಕಾಲು ತಾನೇ ಈ ಕಡೆ ತಿರುಗುತ್ತೆ." ನನ್ನ ತೊಡೆ ತಟ್ಟಿ ನಕ್ಕರು.

ನಾನೂ ನಕ್ಕೆ. ಯಾಕೆ ನಕ್ಕೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಭಾವ ನಕ್ಕಾಗ ನಗುವುದು ಅಭ್ಯಾಸವಾಗಿಬಿಟ್ಟಿದೆ.

ಆ ಮೇಜು ಎಷ್ಟು ಭಾರ ಎಂದು ಮನೆಗೆ ಬಂದು ಎತ್ತಿ ನೋಡಿದೆ. ನನಗೇ ಭಾರ.

ಮಾರ್ಚ್ 19, ಮಂಗಳವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಗಾಡಿ ಹೋಗಿತ್ತು, ಅದು ಹೊಸದಲ್ಲ. ಮಧ್ಯಾಹ್ನ ಭಾವ ಅದೇ ಗಾಡಿಯಲ್ಲಿ ಅಂಗಡಿಗೇ ಬಂದರು. ಅಕ್ಕ ಕೆಲಸದಲ್ಲಿದ್ದಳು, ಅಮ್ಮ ಮಲಗಿದ್ದಳು. ಬಂದವರೇ ಕೌಂಟರಿನ ಮೇಲೆ ಮೊಣಕೈ ಊರಿ, "ಒಂದು ಸಣ್ಣ ಕೆಲಸ ಮಾಡಿಕೊಡೋ" ಅಂದರು.

"ಹೇಳಿ ಭಾವ."

"ನಿಮ್ಮಕ್ಕನ ಕೀ ಇದೆಯಲ್ಲ, ಅದನ್ನ ಗಾಡಿಯಿಂದ ತೆಗೆದುಬಿಡು. ನನ್ನದೊಂದೇ ಇರಲಿ. ಒಂದು ವಾರದ ಮಟ್ಟಿಗೆ. ಗಾಡಿ ಏಳಲ್ಲ, ನನಗೆ ಫೋನ್ ಮಾಡ್ತಾಳೆ. ನಾನು ಬಂದು ಏನೋ ಕುಟ್ಟಿ ತಟ್ಟಿ ಸರಿಮಾಡಿದ ಹಾಗೆ ಮಾಡ್ತೀನಿ. ಹಾಗೇ ಕೂರಿಸಿಕೊಂಡು ಮನೆಗೆ ಹೋಗ್ತೀನಿ. ನಿನಗೂ ಬೇಕಾಗಿರೋದು ಅದೇ ತಾನೇ?"

ಅದೇ. ಹದಿನೈದು ದಿನದಿಂದ ನಾನು ಬಯಸಿದ್ದು ಅದೇ: ಅಕ್ಕ ಆ ಗಾಡಿಯಲ್ಲಿ ಕೂತು ಆ ಮನೆಗೆ ವಾಪಸ್ ಹೋಗಬೇಕು. ಗಾಡಿಯ ನೆನಪು ಓದುವ ಕೈಯಂತ್ರ ಎತ್ತಿಕೊಂಡು ಹೊರಗೆ ಹೋದೆ. ಸ್ಟೀರಿಂಗಿನ ಕೆಳಗೆ ವೈರ್ ಚುಚ್ಚಿದೆ. ಪರದೆಯ ಮೇಲೆ ಬಂತು: ನೆನಪಿನಲ್ಲಿರುವ ಕೀಗಳು, ಎರಡು. ಇನ್ನು ಒಂದು ಗುಂಡಿ ಒತ್ತಿದರೆ ಆಯಿತು. ನೀರು ಕುಡಿದಷ್ಟು ಸುಲಭದ ಕೆಲಸ.

ಸೀಟು ಹಿಂದಕ್ಕೆ ಹೋಗಿತ್ತು. ಅಕ್ಕನ ಕಾಲಿಗೆ ಪೆಡಲ್ ಎಟುಕುವುದಿಲ್ಲ. ಅವಳು ಸಂಜೆ ಬಂದು ಮತ್ತೆ ಮುಂದಕ್ಕೆ ಎಳೆದುಕೊಳ್ಳುತ್ತಾಳೆ, ಕೀ ತಿರುಗಿಸುತ್ತಾಳೆ, ಗಾಡಿ ಏಳುವುದಿಲ್ಲ. ಆಗ ಮೊದಲು ಕರೆಯುವುದು ಭಾವನನ್ನಲ್ಲ, ನನ್ನನ್ನು. ಮೆಟ್ಟಿಲ ಕೆಳಗೇ ಇರುವ ನನ್ನನ್ನು. ನಾನು ಬಂದು ಏನು ಹೇಳಲಿ?

"ಬ್ಯಾಟರಿ ವೀಕ್ ಇದೆ ಭಾವ" ಅಂದೆ.

ಹೇಳುವಾಗಲೇ ಕಿವಿಗೆ ಬಿತ್ತು. ಅಕ್ಕನಿಗೆ ಹೇಳಿದ್ದೂ ಇದೇ ಮಾತು, ಇದೇ ದನಿ.

"ಚಾರ್ಜರ್ ಇದೆಯಲ್ಲೋ ನಿನ್ನ ಹತ್ರ. ಹಾಕು."

ಭಾವನಿಗೆ ನನ್ನ ಅಂಗಡಿಯಲ್ಲಿ ಏನೇನಿದೆ ಎಂದು ಗೊತ್ತು. ವೈರ್ ಕಿತ್ತು ಸುತ್ತಿಕೊಂಡೆ.

"ಗಾಡಿ ಅಕ್ಕನ ಹೆಸರಲ್ಲಿದೆ. ಅವಳು ದಾಖಲೆ ತೊಗೊಂಡು ಬಂದರೆ ಮಾಡ್ತೀನಿ. ಯಾರು ಬಂದರೂ ಇದೇ ನನ್ನ ರೂಲು."

"ನನ್ನ ಹತ್ರ ದಾಖಲೆ ಕೇಳ್ತೀಯಾ?"

"ಎಲ್ಲರ ಹತ್ರನೂ ಕೇಳ್ತೀನಿ ಭಾವ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಭುಜಕ್ಕೆ ಒಂದು ಏಟು ಹಾಕಿ, "ದೊಡ್ಡ ಮನುಷ್ಯ ಆಗ್ಬಿಟ್ಟೆ ಬಿಡು" ಎಂದು ನಗುತ್ತಲೇ ಗಾಡಿ ಹತ್ತಿದರು. ಸಂಜೆ ವಾಪಸ್ ತಂದು ಬಿಟ್ಟರು. ಹಾರ್ನ್ ಹೊಡೆಯಲಿಲ್ಲ.

ಅಕ್ಕನಿಗೆ ಹೇಳುವ ಯೋಚನೆಯೇ ಇರಲಿಲ್ಲ. ಊಟಕ್ಕೆ ಕೂತಾಗ ಬಾಯಿಂದ ಬಂದುಬಿಟ್ಟಿತು. ಅಮ್ಮ "ಅಯ್ಯೋ, ತಮಾಷೆಗೆ ಅಂದಿರ್ತಾರೆ" ಅಂದಳು. ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನೀನು ಏನಂದೆ?"

"ಮೊದಲು ಬ್ಯಾಟರಿ ವೀಕ್ ಅಂದೆ."

"ನನಗೂ ಅದೇ ಹೇಳಿದ್ದೆ."

"ಹೌದು" ಅಂದೆ. "ನಾಳೆ ಬೆಳಿಗ್ಗೆ ಮಾಡೋಣ. ಚಾರ್ಜರ್ ಇದೆ."

ಮಾರ್ಚ್ 20, ಬುಧವಾರ

ಅಂಗಡಿ ತೆಗೆಯುವ ಮೊದಲೇ ಕೆಲಸ ಶುರುಮಾಡಿದೆ. ಅಕ್ಕ ಗಾಡಿಯ ದಾಖಲೆಯನ್ನೂ ತನ್ನ ಗುರುತಿನ ಚೀಟಿಯನ್ನೂ ತಂದು ಕೌಂಟರಿನ ಮೇಲೆ ಇಟ್ಟಳು. "ನನಗೆ ಬೇಡ ಅಕ್ಕ" ಅಂದರೆ, "ಎಲ್ಲರ ಹತ್ರನೂ ಕೇಳ್ತೀಯಂತೆ, ನೋಡು" ಅಂದಳು. ನೋಡಿದೆ.

ಹೊಸ ಕೀ ಕತ್ತರಿಸಿ, ಅಂಚು ನಯಮಾಡಿ, ತಲೆಯೊಳಗೆ ಚಿಪ್ ಕೂರಿಸಿದೆ. ಬಾನೆಟ್ ಎತ್ತಿ ಬ್ಯಾಟರಿಗೆ ಚಾರ್ಜರ್ ಕಚ್ಚಿಸಿದೆ. ಅಕ್ಕ ಸೀಟಿನಲ್ಲಿ, ನಾನು ಬಾಗಿಲ ಪಕ್ಕ ಮಂಡಿಯೂರಿ. ವೈರ್ ಹಾಕಿದೆ. ಯಂತ್ರ ಎಂದಿನಂತೆ ಕೇಳಿತು: ಎಲ್ಲ ಕೀಗಳೂ ಅಳಿಸಿಹೋಗುತ್ತವೆ, ಮುಂದುವರಿಯುವುದೇ?

ಸಾಮಾನ್ಯವಾಗಿ ಇಲ್ಲಿ ನಾನು ಕಣ್ಣು ಮುಚ್ಚಿ ಒತ್ತಿಬಿಡುತ್ತೇನೆ. ಇವತ್ತು ಯಂತ್ರವನ್ನು ಅವಳ ಕೈಗೆ ಕೊಟ್ಟೆ. ಅವಳು ಓದಿದಳು. ಇನ್ನೊಂದು ಸಲ ಓದಿದಳು. ಒತ್ತಿದಳು.

ಡ್ಯಾಷ್‌ಬೋರ್ಡಿನಲ್ಲಿ ಕೀ ಚಿತ್ರದ ಕೆಂಪು ದೀಪ ಪಟಪಟ ಮಿನುಗಿತು. ಆ ಹೊತ್ತಿನಲ್ಲಿ ಗಾಡಿಗೆ ಯಾರ ಗುರುತೂ ಇರಲಿಲ್ಲ. "ಈಗ ನಿನ್ನ ಕೀ ಹಾಕಿ ತಿರುಗಿಸು" ಅಂದೆ. ತಿರುಗಿಸಿದಳು. ಒಂದು. "ಈಗ ಹೊಸದು." ಎರಡು. ದೀಪ ಆರಿತು. "ಸ್ಟಾರ್ಟ್ ಮಾಡು."

ಎದ್ದಿತು. ಇದೆಲ್ಲ ನನಗೆ ದಿನನಿತ್ಯದ ಕೆಲಸ. ಆದರೂ ಇಂಜಿನ್ ಸದ್ದಿಗೆ ಅಕ್ಕ ಯಾಕೋ ಬಾಯಿ ಮುಚ್ಚಿಕೊಂಡು ನಕ್ಕಳು. ಚಿಕ್ಕವಳಿದ್ದಾಗ ಹೀಗೇ ನಗುತ್ತಿದ್ದಳು.

"ಎರಡನೇದು ನಾನು ಅಂಗಡಿಯಲ್ಲಿ ಇಟ್ಟುಕೊಳ್ಳಲಾ? ಭದ್ರವಾಗಿರುತ್ತೆ" ಅಂದೆ.

"ಬೇಡ. ಎರಡೂ ನನ್ನ ಹತ್ರನೇ ಇರಲಿ."

ಅವಳು ಹೇಳಿದ್ದು ಸರಿ ಅನ್ನಿಸಿತು.

ಮಾರ್ಚ್ 22, ಶುಕ್ರವಾರ

ಇವತ್ತು ಭಾವ ಬಂದರು.

ನಾನು ಮೇಲೆ ಹಲ್ಲುಜ್ಜುತ್ತಿದ್ದೆ. ಗಾಡಿಯ ಬಾಗಿಲು ತೆಗೆದು ಹಾಕಿದ ಸದ್ದು ಕೇಳಿಸಿತು. ಆಮೇಲೆ ಇಂಜಿನ್ನು ಕೆಮ್ಮಿ ಸುಮ್ಮನಾಯಿತು. ಮತ್ತೆ. ಮತ್ತೆ. ಬಾಯಿ ಮುಕ್ಕಳಿಸಿ ಮುಖ ಒರೆಸಿಕೊಂಡು ಇಳಿದೆ. ಓಡಲಿಲ್ಲ, ತಡವನ್ನೂ ಮಾಡಲಿಲ್ಲ.

"ಬಾರೋ ಬಾರೋ, ಒಳ್ಳೆ ಹೊತ್ತಿಗೆ ಬಂದೆ" ಎಂದು ಭಾವ ಕಿಟಕಿಯಿಂದ ಕೈಬೀಸಿದರು. "ನೀನು ಹೇಳಿದ್ದು ನಿಜ ಕಣೋ, ಬ್ಯಾಟರಿ ಕೈಕೊಟ್ಟಿದೆ. ಆ ಚಾರ್ಜರ್ ತಾ."

"ಬ್ಯಾಟರಿ ಚೆನ್ನಾಗಿದೆ ಭಾವ. ಗಾಡಿಗೆ ಏನೂ ಆಗಿಲ್ಲ. ನಿಮ್ಮ ಕೀ ತೆಗೆದಿದ್ದೀವಿ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಗು ಮುಖದ ಮೇಲೆ ಹಾಗೇ ಇತ್ತು, ಆದರೆ ಕೆಳಗಿನಿಂದ ಕರಗುತ್ತ ಬಂತು.

"ಯಾರು ತೆಗೆದಿದ್ದು?"

"ಅಕ್ಕ ತೆಗೆದಳು. ನಾನು ಹೇಗೆ ಅಂತ ತೋರಿಸಿದೆ."

"ನಿನ್ನನ್ನ ಈ ಕೆಲಸಕ್ಕೆ ಹಚ್ಚಿದೋನು ಯಾರು?"

"ನೀವೇ ಭಾವ. ಅದನ್ನ ಮರೆಯಲ್ಲ."

"ಮರೆಯಲ್ಲ ಅಂತಾನೆ! ನಡುರಸ್ತೆಯಲ್ಲಿ ನನ್ನನ್ನ ಕಳ್ಳನ ಹಾಗೆ ಕೂರಿಸಿ ಮರೆಯಲ್ಲ ಅಂತಾನೆ!"

ಎದುರುಮನೆಯ ಕಿಟಕಿಯ ಪರದೆ ಅಲ್ಲಾಡಿತು. ಭಾವ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಬೇಸರವಾಯಿತು, ಬಹಳ. ಇದೇ ಮನುಷ್ಯ ನನಗೆ ಕ್ಲಚ್ ಬಿಡುವುದನ್ನು ಕಲಿಸುವಾಗ ಹತ್ತು ಸಲ ಗಾಡಿ ನಿಂತರೂ ಒಂದು ಸಲವೂ ದನಿ ಎತ್ತಿರಲಿಲ್ಲ. ಹಾಗಿದ್ದವರೂ ಅವರೇ, ಹೀಗಿರುವವರೂ ಅವರೇ. ಒಂದು ಸುಳ್ಳು, ಇನ್ನೊಂದು ನಿಜ ಎಂದು ಹೇಳಲು ನನ್ನ ಕೈಲಾಗುವುದಿಲ್ಲ.

ಅಷ್ಟರಲ್ಲಿ ಅಕ್ಕ ಇಳಿದು ಬಂದಳು. ಸಮವಸ್ತ್ರ, ಟವೆಲಿನ ಚೀಲ, ಮೇಜು. ಅವಳ ಮುಖ ಬಿಳಿಚಿಕೊಂಡಿತ್ತು. ದನಿ ಮಾತ್ರ ರೋಗಿಗಳ ಜೊತೆ ಮಾತಾಡುವಾಗಿನದು.

"ಸ್ವಲ್ಪ ಇಳೀತೀರಾ? ನನಗೆ ಹೊತ್ತಾಗುತ್ತೆ."

ಭಾವ ಕದಲಲಿಲ್ಲ. "ಮನೆಗೆ ಬಾ. ಅಲ್ಲಿ ಮಾತಾಡೋಣ."

"ದರ್ಜಿಯವರು ಕಾಯ್ತಾ ಇರ್ತಾರೆ. ಇವತ್ತು ಅವರು ಬಟ್ಟೆ ಕತ್ತರಿಸಿ ನೋಡ್ತೀನಿ ಅಂದಿದ್ದಾರೆ. ಇಳೀರಿ."

ನಾನು ಮಧ್ಯೆ ಬಾಯಿ ಹಾಕಲಿಲ್ಲ. ನಾಲಿಗೆಯ ತುದಿಯಲ್ಲಿ ಏನೇನೋ ಇತ್ತು, ನುಂಗಿಕೊಂಡೆ. ಭಾವ ಇಳಿದರು. ಅಕ್ಕ ಮೇಜನ್ನು ಹಿಂದೆ ಹಾಕಿ, ಕೂತು, ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು ಹೊರಟಳು. ಇಂಡಿಕೇಟರ್ ಹಾಕುವುದನ್ನೂ ಮರೆಯಲಿಲ್ಲ.

"ಬಾಗಿಲಂತೂ ಇನ್ನೂ ನನ್ನ ಕೀಗೆ ತೆಗೆಯುತ್ತೆ" ಎಂದರು ಭಾವ, ಗಾಡಿ ಹೋದ ಕಡೆ ನೋಡುತ್ತ.

"ಅಕ್ಕ ಹೇಳಿದರೆ ಅದನ್ನೂ ಬದಲಾಯಿಸ್ತೀನಿ" ಅಂದೆ. "ಕಾಫಿ ಕುಡಿದು ಹೋಗಿ ಭಾವ."

ಕುಡಿಯಲಿಲ್ಲ.

ಮಾರ್ಚ್ 24, ಭಾನುವಾರ

ಅಮ್ಮ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇವತ್ತು ಪಾತ್ರೆ ತೊಳೆಯುತ್ತ ಗೋಡೆಗೆ ಹೇಳುವ ಹಾಗೆ, "ಅಳಿಯಂದಿರ ಮುಖಕ್ಕೆ ಹೊಡೆದ ಹಾಗೆ ಮಾಡಿದಿರಿ" ಅಂದಳು. ಆಮೇಲೆ ಕೇಳಿದಳು, "ಇನ್ನು ಅವಳು ಏನು ಮಾಡ್ತಾಳಂತೆ?"

"ಮೇಲೇ ಇದ್ದಾಳಲ್ಲ ಅಮ್ಮ. ಅವಳನ್ನೇ ಕೇಳು."

ಅಮ್ಮ ಕೈ ಒರೆಸಿಕೊಂಡು ನಿಜವಾಗಿಯೂ ಮೇಲೆ ಹೋದಳು. ಬಹಳ ಹೊತ್ತು ಇಬ್ಬರೂ ಮಾತಾಡಿದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಇಳಿದು ಬಂದಾಗ ಅಮ್ಮನ ಮೂಗು ಕೆಂಪಾಗಿತ್ತು, ಆದರೆ ನನಗೆ ಬಡಿಸುವಾಗ "ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಕೇಳಿದಳು.

ಏಪ್ರಿಲ್ 2, ಮಂಗಳವಾರ

ಕೆಲಸ ಜೋರು. ಇವತ್ತಿನದು ಮಜವಾದ ಕೇಸು: ಒಮ್ಮೊಮ್ಮೆ ಏಳುವ, ಒಮ್ಮೊಮ್ಮೆ ಏಳದ ಗಾಡಿ. ಮೂರು ಗ್ಯಾರೇಜ್ ಸುತ್ತಿ ಬಂದಿದ್ದಾನೆ ಪುಣ್ಯಾತ್ಮ. ಕೀಗೊಂಚಲು ನೋಡಿದ ಕೂಡಲೇ ಗೊತ್ತಾಯಿತು. ತನ್ನ ಗಾಡಿಯದು, ತಮ್ಮನ ಗಾಡಿಯದು, ಎರಡು ಚಿಪ್ ಕೀಗಳೂ ಒಂದೇ ರಿಂಗಿನಲ್ಲಿ ಅಂಟಿಕೊಂಡಿವೆ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಗಾಡಿ ಯಾರ ಮಾತು ಕೇಳಬೇಕು? ತಮ್ಮನದನ್ನು ಬಿಚ್ಚಿ ಬೇರೆ ಜೇಬಿಗೆ ಹಾಕಿಸಿದೆ. ಮುಗಿಯಿತು. ಅವನು ನನ್ನನ್ನು ಮಂತ್ರವಾದಿಯ ಹಾಗೆ ನೋಡಿದ. ನಾನೂ ಹಾಗೇ ಮುಖ ಮಾಡಿಕೊಂಡೆ.

ಅಕ್ಕ ಒಂದು ದಿನವೂ ತಡವಾಗಿಲ್ಲ. ದರ್ಜಿ ಅವಳಿಗೆ ಒಂದು ಚೀಲ ಹೊಲಿದುಕೊಟ್ಟಿದ್ದಾನೆ. ಹೊಲಿಗೆ ಹಾವಿನ ಹಾಗೆ ಹೋಗಿದೆ. ಅಕ್ಕ ಟವೆಲನ್ನೆಲ್ಲ ಅದರಲ್ಲೇ ಒಯ್ಯುತ್ತಾಳೆ.

ಭಾವನ ಫೋನ್ ಇಲ್ಲ. ಅವರ ಜೊತೆ ಹರಟುತ್ತಿದ್ದ ಶನಿವಾರದ ಸಂಜೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಅವರ ಜೋಕುಗಳು ನೆನಪಾಗುತ್ತವೆ.

ಏಪ್ರಿಲ್ 13, ಶನಿವಾರ

ಭಾವ ಬಂದಿದ್ದರು. ಸಂಜೆ, ಅಂಗಡಿಯಲ್ಲಿ ಗಿರಾಕಿಗಳಿದ್ದಾಗ. ನಾನು ಮುಗಿಸುವ ತನಕ ಬಾಗಿಲ ಹತ್ತಿರ ನಿಂತೇ ಇದ್ದರು. ಕೂರಿ ಅಂದರೂ ಕೂರಲಿಲ್ಲ. ಸೊರಗಿದ್ದಾರೆ. ಶರ್ಟಿಗೆ ಇಸ್ತ್ರಿ ಇತ್ತು, ಕಾಲರ್ ಮಡಿಕೆ ಮಾತ್ರ ಓರೆಯಾಗಿತ್ತು.

ಎಲ್ಲರೂ ಹೋದ ಮೇಲೆ ಕೇಳಿದರು, "ಇದ್ದಾಳಾ?"

"ಈಗ ತಾನೇ ಬಂದಳು. ಮೇಲಿದ್ದಾಳೆ."

ಮೆಟ್ಟಿಲು ಅಲ್ಲೇ ಇತ್ತು. ಮುಂಚೆಯಾಗಿದ್ದರೆ ಎರಡೆರಡು ಮೆಟ್ಟಿಲು ಹತ್ತಿ, "ಏನು ಸ್ಪೆಷಲ್ಲು ಅತ್ತೆ?" ಎಂದು ಕೂಗುತ್ತ ಹೋಗುತ್ತಿದ್ದರು. ಇವತ್ತು ಮೆಟ್ಟಿಲ ಕಡೆ ನೋಡಿ, ನನ್ನ ಕಡೆ ತಿರುಗಿದರು.

"ಬರಲಾ ಅಂತ ಕೇಳ್ತೀಯಾ?"

ಮೇಲೆ ಹೋಗಿ ಕೇಳಿದೆ. ಅಕ್ಕ ಟವೆಲು ಮಡಿಸುತ್ತಿದ್ದಳು. ಮಡಿಸುವ ಕೈ ನಿಂತಿತು. ಕಿಟಕಿಯ ಹೊರಗೆ ನೋಡಿದಳು. ನಾನು ಏನೂ ಸೇರಿಸಲಿಲ್ಲ, ಅವರು ಸೊರಗಿದ್ದಾರೆ ಎಂದೂ ಹೇಳಲಿಲ್ಲ.

"ಇವತ್ತು ಬೇಡ" ಅಂದಳು.

ಇಳಿದು ಬಂದು, "ಇವತ್ತು ಬೇಡವಂತೆ ಭಾವ" ಅಂದೆ.

ಅವರು ತಲೆಯಾಡಿಸಿದರು. ಎಲ್ಲಿ ನಗುತ್ತಾರೋ ಎಂದು ನಾನು ಕಾದೆ. ನಗಲಿಲ್ಲ.

"ಇನ್ನೊಂದು ದಿನ?"

"ಅದನ್ನ ನಾನು ಹೇಳೋಕ್ಕಾಗಲ್ಲ."

"ಹೂಂ" ಎಂದು ಹೊರಟರು. ರಸ್ತೆಗೆ ಇಳಿದವರು ಮತ್ತೆ ಬಂದು, "ನಿನ್ನ ಕೆಲಸ ಚೆನ್ನಾಗಿ ನಡೀತಾ ಇದೆಯಾ?" ಎಂದು ಕೇಳಿದರು. ಚೆನ್ನಾಗಿ ನಡೆಯುತ್ತಿದೆ ಎಂದೆ. "ಅದು ನನಗೆ ಗೊತ್ತಿತ್ತು" ಎಂದು ಹೋದರು.

ಮೇಲೆ ಬಂದಾಗ ಅಕ್ಕ ಕೇಳಿದಳು, "ಅವರೇ ಕೇಳಿದರಾ? ಬರಲಾ ಅಂತ?"

"ಅವರೇ."

"ಹೇಗೆ ಕೇಳಿದರು?"

ಭಾವನ ದನಿಯಲ್ಲಿ ಹೇಳಿ ತೋರಿಸಲು ನೋಡಿದೆ. ಎಲ್ಲರ ದನಿಯನ್ನೂ ಅನುಕರಿಸುವವನು ನಾನು, ಅದೊಂದು ಬರಲಿಲ್ಲ. "ಮೆಲ್ಲಗೆ" ಅಂದೆ.

ಅವಳು "ಓ" ಅಂದಳು. ಇನ್ನೊಂದು ಟವೆಲು ತೆಗೆದುಕೊಂಡು ಅಂಚಿಗೆ ಅಂಚು ಸೇರಿಸಿ, ಅಂಗೈಯಿಂದ ಒತ್ತಿ ಮಡಿಸಿದಳು. ಮುಂದೆ ಏನು ಮಾಡುತ್ತಾಳೋ ಗೊತ್ತಿಲ್ಲ. ನಾನು ಕೇಳಿಲ್ಲ.

ಕ್ಲಿನಿಕ್ಕಿನ ಹತ್ತಿರ ಎರಡು ಕೋಣೆಯ ಮನೆಯೊಂದು ಖಾಲಿ ಇದೆಯಂತೆ. ನಾಳೆ ನೋಡಲು ಹೋಗುತ್ತಾಳೆ, ನನ್ನನ್ನೂ ಅಮ್ಮನನ್ನೂ ಕರೆದಿದ್ದಾಳೆ. ಗಾಡಿ ಅವಳೇ ಓಡಿಸುತ್ತಾಳಂತೆ. ಬ್ರೇಕ್ ಹಿಡಿ, ಗೇರ್ ಹಾಕು ಎಂದು ನಾನು ತಲೆ ತಿನ್ನದೆ ಪಕ್ಕದಲ್ಲಿ ಸುಮ್ಮನೆ ಕೂರಬೇಕಂತೆ.

ಕೂರುತ್ತೇನೆ.